ಸದ್ದಿಗೆ ಸದ್ದೇ ಮದ್ದು

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಬೇಡವಾದುದನ್ನು ನೋಡದಿರಬೇಕಾದರೆ ಕಣ್ಣು ಮುಚ್ಚಿಕೊಂಡರಾಯಿತು. ಬೇಡವಾದುದನ್ನು ಕೇಳದಿರುವುದಕ್ಕೆ ಪ್ರಕೃತಿಯು ನಮಗೆ ಯಾವ ಸಾಧನವನ್ನೂ ಕೊಟ್ಟಿಲ್ಲ. ನಿದ್ರೆಯಲ್ಲಿಯೂ ಕಿವಿಯ ಬಾಗಿಲು ತೆರೆದೇ ಇರುವುದು. ಕಾಡಿನಲ್ಲಿ ಮಲಗುತ್ತಿದ್ದ ನಮ್ಮ ಪೂರ್ವಿಕರಿಗೆ ಇದರಿಂದ ಉಪಕಾರವೇ ಆಗಿದ್ದಿರಬೇಕು. ಆದರೆ ದಿನವೂ ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುತ್ತ ಆ ಎರಡು ಗಂಟೆಗಳಲ್ಲಿಯೇ ಪಾಠವನ್ನು ಕೇಳಬೇಕೆಂದಿರುವ ವಿದ್ಯಾರ್ಥಿಗೆ, ಅಥವಾ ಒಂದೇ ಕೋಣೆಯಲ್ಲಿ ನಾಲ್ವರಿರುವ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದಬೇಕಾಗಿರುವ ವಿದ್ಯಾರ್ಥಿನಿಗೆ, ಈ ತೆರೆದ ಬಾಗಿಲು ವರವಲ್ಲ.

ಈ ಕೊರತೆಯನ್ನು ತುಂಬುತ್ತೇವೆಂದು ಹೇಳಿಕೊಂಡು ಇಂದು ಅಂಗಡಿಗಳಲ್ಲಿ ತಂತಿಯಿಲ್ಲದ ಇಯರ್‌ಬಡ್‌ಗಳು ರಾಶಿರಾಶಿಯಾಗಿ ಬಂದಿವೆ. ಕಡಲೆಬೀಜಕ್ಕಿಂತ ತುಸು ದೊಡ್ಡದಾದ ಜೋಡಿ ಗುಂಡಿಗಳು. ಸಾವಿರ ರೂಪಾಯಿಯ ಆಚೀಚೆಯಿಂದ ಹಿಡಿದು ಇಪ್ಪತ್ತೈದು ಸಾವಿರದವರೆಗೂ ಬೆಲೆ. ಪೆಟ್ಟಿಗೆಯ ಮೇಲೆ ‘ಎ.ಎನ್.ಸಿ.’, ‘ಇ.ಎನ್.ಸಿ.’, ‘45 ಡೆಸಿಬೆಲ್‌ವರೆಗೆ’, ‘13 ಮಿಲಿಮೀಟರ್ ಡ್ರೈವರ್’ ಎಂಬ ಬಿರುದಾವಳಿ. ಯಾವುದನ್ನು ಕೊಳ್ಳಬೇಕೆಂದು ನನ್ನ ತರಗತಿಯ ಹುಡುಗರು ಪ್ರತಿ ವರ್ಷವೂ ಕೇಳುವುದುಂಟು. ನಾನು ಯಾವ ಮಾದರಿಯ ಹೆಸರನ್ನೂ ಹೇಳುವುದಿಲ್ಲ. ಏಕೆಂದರೆ ಇಂದು ಹೇಳಿದ ಮಾದರಿ ಮುಂದಿನ ವರ್ಷ ಅಂಗಡಿಯಲ್ಲಿಯೇ ಇರಲಾರದು. ಶಬ್ದದ ನಿಯಮಗಳು ಮಾತ್ರ ವರ್ಷಕ್ಕೊಮ್ಮೆ ಬದಲಾಗುವಂತಹವಲ್ಲ. ಅವುಗಳನ್ನು ತಿಳಿದುಕೊಂಡರೆ ಯಾವ ಅಂಗಡಿಯವನೂ ನಮ್ಮನ್ನು ಸುಲಭವಾಗಿ ಮೋಸಗೊಳಿಸಲಾರನು.

ಶಬ್ದವೆಂಬುದು ಗಾಳಿಯ ಒತ್ತಡದಲ್ಲಿ ಉಂಟಾಗುವ ಅತಿ ಸೂಕ್ಷ್ಮವಾದ ಏರಿಳಿತ. ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಮ್ಮ ಸುತ್ತಣ ವಾಯುವಿನ ಒತ್ತಡವು ಸುಮಾರು ಒಂದು ಲಕ್ಷ ಪಾಸ್ಕಲ್. 80 ಡೆಸಿಬೆಲ್ ಎಂದರೆ ಸಾಕಷ್ಟು ಗಟ್ಟಿಯಾದ ಸದ್ದು. ಅಂತಹ ಸದ್ದಿನಲ್ಲಿಯೂ ಒತ್ತಡದ ಏರಿಳಿತ ಕೇವಲ 0.2 ಪಾಸ್ಕಲ್. ಅಂದರೆ ಐದು ಲಕ್ಷದಲ್ಲಿ ಒಂದು ಪಾಲು! ಇಷ್ಟು ಅಲ್ಪವಾದ ಬದಲಾವಣೆ ಕಿವಿಯ ತಮಟೆಯನ್ನು ಅಲ್ಲಾಡಿಸಿ ನಮ್ಮ ನಿದ್ರೆಯನ್ನು ಕೆಡಿಸುವುದು.

ಡೆಸಿಬೆಲ್ ಎಂಬ ಮಾನವನ್ನು ಇಲ್ಲಿಯೇ ಸ್ವಲ್ಪ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಇದು ಸೇರು, ಗಜಗಳಂತೆ ಕೂಡುವ ಮಾನವಲ್ಲ, ಗುಣಿಸುವ ಮಾನ. ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ 10 ಡೆಸಿಬೆಲ್ ಕಡಿಮೆಯಾಯಿತೆನ್ನುತ್ತೇವೆ. ನೂರರಲ್ಲಿ ಒಂದು ಪಾಲಿಗೆ ಇಳಿದರೆ 20. ಸಾವಿರದಲ್ಲಿ ಒಂದಕ್ಕೆ ಇಳಿದರೆ 30. ಶಕ್ತಿ ಅರ್ಧವಾದರೆ ಇಳಿಕೆ ಸುಮಾರು 3 ಡೆಸಿಬೆಲ್ ಮಾತ್ರ. ಆದುದರಿಂದ 80 ಡೆಸಿಬೆಲ್ ಸದ್ದು ಮಾಡುವ ಎರಡು ಯಂತ್ರಗಳನ್ನು ಒಟ್ಟಿಗಿಟ್ಟರೆ 160 ಆಗುವುದಿಲ್ಲ, 83 ಆಗುವುದು. ಒಂದನ್ನು ನಿಲ್ಲಿಸಿದರೆ ಮತ್ತೆ 80. ಹತ್ತು ಯಂತ್ರಗಳಲ್ಲಿ ಒಂಬತ್ತನ್ನು ನಿಲ್ಲಿಸಿದರೂ ಕಿವಿಗೆ ಸದ್ದು ಅರ್ಧವಾದಂತೆ ತೋರುವುದೇ ಹೊರತು ಹತ್ತನೆಯ ಒಂದು ಪಾಲಾದಂತೆ ತೋರುವುದಿಲ್ಲ. ಕಿವಿಯ ಸ್ವಭಾವವೇ ಹಾಗೆ.

ಗೋಡೆಯ ಉಪಾಯ

ಗದ್ದಲವನ್ನು ತಡೆಯಲು ಎರಡು ಉಪಾಯಗಳಿವೆ. ಒಂದು, ಅಡ್ಡಲಾಗಿ ಗೋಡೆ ಕಟ್ಟುವುದು. ಇದು ಅನಾದಿಯಾದದ್ದು, ಬೆರಳಿನಿಂದ ಕಿವಿ ಮುಚ್ಚಿಕೊಳ್ಳುವ ಮಗುವಿಗೂ ತಿಳಿದದ್ದು. ಇಯರ್‌ಬಡ್‌ನ ತುದಿಯಲ್ಲಿರುವ ಸಿಲಿಕೋನ್ ಅಥವಾ ಫೋಮ್ ಟೋಪಿ ಮಾಡುವ ಕೆಲಸ ಇದೇ. ಇದಕ್ಕೆ ವಿದ್ಯುತ್ತು ಬೇಡ, ಲೆಕ್ಕ ಬೇಡ.

ಆದರೆ ಗೋಡೆಗೆ ಒಂದು ದೌರ್ಬಲ್ಯವುಂಟು. ಪಕ್ಕದ ಬೀದಿಯಲ್ಲಿ ಗಣೇಶೋತ್ಸವದ ಧ್ವನಿವರ್ಧಕ ಕೂಗುತ್ತಿರುವಾಗ ಮನೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ ನೋಡಿರಿ. ಹಾಡಿನ ಮಾತುಗಳು ಮಸುಕಾಗುವುವು, ತಾಳದ ಕಿಣಿಕಿಣಿ ಮಾಯವಾಗುವುದು. ಆದರೆ ಡೋಲಿನ ‘ಧುಂ ಧುಂ’ ಮಾತ್ರ ಎದೆಗೇ ಬಂದು ತಟ್ಟುತ್ತಿರುವುದು. ಕಾರಣವಿಷ್ಟೆ: ಸದ್ದು ಗೋಡೆಯನ್ನು ದಾಟಬೇಕಾದರೆ ಗೋಡೆಯನ್ನೇ ಅಲುಗಿಸಬೇಕು. ಸೆಕೆಂಡಿಗೆ ಸಾವಿರಾರು ಸಲ ಆಚೀಚೆ ತಳ್ಳುವ ಅಲೆಗೆ ಭಾರವಾದ ವಸ್ತುವನ್ನು ಅಲುಗಿಸಲು ಕಾಲಾವಕಾಶ ಸಾಲದು. ಗೋಡೆ ಒಂದು ದಿಕ್ಕಿಗೆ ಸರಿಯಲು ತೊಡಗುವಷ್ಟರಲ್ಲಿ ಅಲೆಯು ಅದನ್ನು ಹಿಂದಕ್ಕೆ ಎಳೆಯುತ್ತಿರುವುದು. ಸೆಕೆಂಡಿಗೆ ಐವತ್ತು ನೂರು ಸಲ ಮಾತ್ರ ತಳ್ಳುವ ಮಂದ್ರ ಸದ್ದಿಗೆ ಆ ತೊಂದರೆಯಿಲ್ಲ. ತೆಳುವಾದ ಗೋಡೆಯೊಂದರ ಲೆಕ್ಕದಲ್ಲಿ ಆವೃತ್ತಿ ಎರಡರಷ್ಟಾದರೆ ತಡೆಯೂ ಸುಮಾರು 6 ಡೆಸಿಬೆಲ್ ಹೆಚ್ಚುವುದೆಂದು ತೋರಿಸಬಹುದು. ಗ್ರಾಂ ಭಾರವೂ ಇಲ್ಲದ ಸಿಲಿಕೋನ್ ಟೋಪಿ ಮಂದ್ರ ಸದ್ದಿಗೆ ಎಂತಹ ಗೋಡೆಯಾದೀತೆಂಬುದನ್ನು ನೀವೇ ಊಹಿಸಬಹುದು.

ಇನ್ನು ಸಂದಿಯ ಮಾತು. ಟೋಪಿಯು ಕಿವಿಯ ನಾಳಕ್ಕೆ ಸರಿಯಾಗಿ ಕೂರದೆ ಎಲ್ಲಿಯೋ ಒಂದು ಕೂದಲೆಳೆಯಷ್ಟು ಬಿರುಕು ಉಳಿಯಿತೆನ್ನೋಣ. ಆ ಬಿರುಕಿನಲ್ಲಿರುವ ಗಾಳಿಗೂ ತೂಕವುಂಟು. ತೀವ್ರವಾದ ಕಂಪನಗಳಿಗೆ ಅದು ಒಂದು ಬಿರಡೆಯಂತೆ ತಕ್ಕಮಟ್ಟಿಗೆ ಅಡ್ಡ ನಿಲ್ಲುವುದು. ಮಂದ್ರ ಸದ್ದಿಗಾದರೋ ಅದು ಹೆಬ್ಬಾಗಿಲೇ ಸರಿ. ಸಂಗೀತದ ಮಂದ್ರ ಭಾಗವು ಅದೇ ದಾರಿಯಿಂದ ಹೊರಕ್ಕೆ ಸೋರಿಹೋಗುವುದು. ಬಸ್ಸಿನ ಮೊರೆತವು ಒಳಕ್ಕೆ ನುಗ್ಗುವುದು. ಇಯರ್‌ಬಡ್ ಹಾಕಿಕೊಂಡ ಕೂಡಲೆ ಮೃದಂಗ ತೆಳುವಾಗಿ, ತಗಡಿನ ಡಬ್ಬಿಯಂತೆ ಕೇಳಿದರೆ ಅದು ಯಂತ್ರದ ದೋಷವಲ್ಲ, ಟೋಪಿಯ ಅಳತೆಯ ದೋಷ. ಎಷ್ಟೋ ಜನ ಪೆಟ್ಟಿಗೆಯೊಡನೆ ಬಂದ ಮೂರು ಜೊತೆ ಟೋಪಿಗಳಲ್ಲಿ ಎರಡನ್ನು ಮುಟ್ಟಿಯೂ ನೋಡದೆ ಯಂತ್ರವನ್ನು ಬೈಯುವರು.

ಮಂದ್ರವನ್ನು ಗೋಡೆ ತಡೆಯಲಾರದೆಂಬುದು ಬಸ್ಸಿನ ಪ್ರಯಾಣಿಕನಿಗೆ ದೊಡ್ಡ ವಿಷಯ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆಯೆನ್ನಿ. ಸೆಕೆಂಡಿಗೆ 25 ಸುತ್ತು. ನಾಲ್ಕು ಹೊಡೆತದ ಎಂಜಿನ್ನಾದ್ದರಿಂದ ಪ್ರತಿ ಸುತ್ತಿಗೆ ಮೂರು ಸಿಲಿಂಡರುಗಳು ಸ್ಫೋಟಿಸುವುವು. ಹೀಗೆ ಸೆಕೆಂಡಿಗೆ 75 ಸ್ಫೋಟ. ಆ ಮೊರೆತದ ಮುಖ್ಯ ಆವೃತ್ತಿ 75 ಹರ್ಟ್ಸ್. ಅಲೆಯುದ್ದ ನಾಲ್ಕೂವರೆ ಮೀಟರ್. ಟೋಪಿಗೆ ಇದು ನಿಲುಕುವ ಪ್ರಾಣಿಯಲ್ಲ.

ಮುಳ್ಳಿನಿಂದ ಮುಳ್ಳು

ಇಲ್ಲಿ ಎರಡನೆಯ ಉಪಾಯವು ನೆರವಿಗೆ ಬರುವುದು. ಸದ್ದಿನ ಮೇಲೆ ಸದ್ದನ್ನೇ ಹಾಯಿಸಿ ಮೌನವನ್ನು ಪಡೆಯುವುದು ಇದರ ಮರ್ಮ. ಕೇಳಲು ವಿಚಿತ್ರ. ಆದರೆ ಅಲೆಯ ಸ್ವರೂಪವನ್ನು ನೆನೆದರೆ ವಿಚಿತ್ರವೇನಿಲ್ಲ. ಒಂದು ಅಲೆಯು ಒತ್ತಡವನ್ನು ಏರಿಸುವ ಗಳಿಗೆಯಲ್ಲಿಯೇ ಇನ್ನೊಂದು ಅಲೆಯು ಅಷ್ಟೇ ಪ್ರಮಾಣದಲ್ಲಿ ಇಳಿಸಿದರೆ, ಒತ್ತಡವು ಇದ್ದಲ್ಲಿಯೇ ಇರುವುದು. ಇದನ್ನೇ ವ್ಯತಿಕರಣವೆನ್ನುವರು.

ಇದನ್ನು ನೋಡಲು ಇಯರ್‌ಬಡ್ ಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಒಂದು ಶ್ರುತಿಕವೆ ಸಾಕು. ರಬ್ಬರಿನ ಮೇಲೆ ತಟ್ಟಿ, ನೆಟ್ಟಗೆ ಹಿಡಿದು, ಕಿವಿಯ ಹತ್ತಿರಕ್ಕೆ ತನ್ನಿ. ಈಗ ಅದರ ಕಾಂಡವನ್ನು ಬೆರಳುಗಳ ನಡುವೆ ಮೆಲ್ಲನೆ ಒಂದು ಪೂರ್ಣ ಸುತ್ತು ತಿರುಗಿಸಿ. ಸದ್ದು ನಾಲ್ಕು ಸಲ ಏರಿ ನಾಲ್ಕು ಸಲ ಅಡಗುವುದು. ಕವಲುಗಳು ಹೊರಕ್ಕೆ ಬಾಗಿದಾಗ ಹೊರಗಿನ ಗಾಳಿ ಒತ್ತಲ್ಪಡುವುದು, ನಡುವಿನ ಗಾಳಿ ಸಡಿಲುವುದು. ಈ ಎರಡು ವಿರುದ್ಧ ಅಲೆಗಳು ಸಮಸಮವಾಗಿ ಕೂಡುವ ನಾಲ್ಕು ದಿಕ್ಕುಗಳಲ್ಲಿ ಮೌನ. ಕವೆಯೇನೋ ನಡುಗುತ್ತಲೇ ಇರುವುದು! ಹತ್ತು ಪುಟ ಓದಿ ತಿಳಿಯದ್ದು ಈ ಒಂದು ನಿಮಿಷದಲ್ಲಿ ತಿಳಿಯುವುದೆಂಬುದು ನನ್ನ ಅನುಭವ.

ಈ ತತ್ತ್ವವನ್ನು ಯಂತ್ರಕ್ಕೆ ಅಳವಡಿಸುವ ಯೋಚನೆ ತೊಂಬತ್ತು ವರ್ಷಗಳಷ್ಟು ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಎಂಬಾತನು 1933ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು; ಅಮೆರಿಕದಲ್ಲಿ 1936ರಲ್ಲಿ ಅದು ಅವನಿಗೆ ದೊರೆಯಿತು. ಒಂದು ಕೊಳವೆಯಲ್ಲಿ ಸದ್ದು ಹರಿದುಬರುತ್ತಿದೆ. ಮೊದಲಲ್ಲೊಂದು ಮೈಕ್ರೊಫೋನು, ಮುಂದೆ ಸ್ವಲ್ಪ ದೂರದಲ್ಲೊಂದು ಧ್ವನಿವರ್ಧಕ. ಮೈಕ್ರೊಫೋನು ಸದ್ದನ್ನು ಹಿಡಿದು ತಂತಿಯ ಮೂಲಕ ಸುದ್ದಿಯನ್ನು ಮುಂದಕ್ಕೆ ಕಳುಹಿಸುವುದು. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್. ವಿದ್ಯುತ್ತು ಅದಕ್ಕಿಂತ ಲಕ್ಷಾಂತರ ಪಾಲು ವೇಗಶಾಲಿ. ಆದುದರಿಂದ ಕಳ್ಳನು ಬರುವುದಕ್ಕೆ ಮುಂಚೆಯೇ ಊರಿಗೆ ಸುದ್ದಿ ಮುಟ್ಟುವುದು. ಸದ್ದು ಬಂದೊಡನೆ ಧ್ವನಿವರ್ಧಕವು ಅದರ ತಲೆಕೆಳಗಾದ ಪ್ರತಿಯನ್ನು ಎದುರಿಗೊಡ್ಡುವುದು. ಉಪಾಯ ಸೊಗಸಾಗಿತ್ತು. ಅದನ್ನು ನೆರವೇರಿಸಬಲ್ಲ ಎಲೆಕ್ಟ್ರಾನಿಕ್ ಸಾಧನಗಳು ಆಗಿನ್ನೂ ಹುಟ್ಟಿರಲಿಲ್ಲ.

1953ರಲ್ಲಿ ಅಮೆರಿಕದ ಹ್ಯಾರಿ ಓಲ್ಸನ್ ಮತ್ತು ಎವರೆಟ್ ಮೇ ಎಂಬವರು ಇನ್ನೊಂದು ವಿಧಾನವನ್ನು ತೋರಿಸಿದರು: ಮೈಕ್ರೊಫೋನನ್ನು ಧ್ವನಿವರ್ಧಕದ ಪಕ್ಕದಲ್ಲಿಯೇ ಇಟ್ಟು, ಅಲ್ಲಿ ಉಳಿದಿರುವ ಸದ್ದನ್ನು ಅಳೆದು, ಅದು ಕುಗ್ಗುವಂತೆ ಧ್ವನಿವರ್ಧಕವನ್ನು ಮತ್ತೆ ಮತ್ತೆ ತಿದ್ದುವುದು. ಮೊದಲನೆಯದು ಮುನ್ನೆಚ್ಚರಿಕೆಯ ವಿಧಾನ, ಎರಡನೆಯದು ತಿದ್ದುಪಡಿಯ ವಿಧಾನ. ಇಂದಿನ ಒಳ್ಳೆಯ ಇಯರ್‌ಬಡ್‌ಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಹೊರಮೈಯಲ್ಲೊಂದು ಮೈಕ್ರೊಫೋನು, ಕಿವಿಯ ಕಡೆಗೆ ಒಳಗೊಂದು.

ಇದನ್ನು ಬಳಕೆಗೆ ತಂದವರಲ್ಲಿ ಮುಖ್ಯನು ಅಮರ್ ಬೋಸ್. ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮಗ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಬರುವಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತದ ದೆಸೆಯಿಂದ ಸಂಗೀತವೇ ಕೇಳಿಸಲಿಲ್ಲವಂತೆ. ಇಳಿಯುವುದರೊಳಗಾಗಿ ಅವನು ಗದ್ದಲ ನಿವಾರಣೆಯ ಮೊದಲ ಲೆಕ್ಕಗಳನ್ನು ಕಾಗದದ ಮೇಲೆ ಹಾಕಿಬಿಟ್ಟಿದ್ದನು. ಲೆಕ್ಕದಿಂದ ವಸ್ತುವಿಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ನಡುವೆ 1986ರಲ್ಲಿ ಎಲ್ಲಿಯೂ ಇಳಿಯದೆ, ನಡುದಾರಿಯಲ್ಲಿ ಇಂಧನ ತುಂಬಿಕೊಳ್ಳದೆ ಭೂಮಿಯನ್ನು ಸುತ್ತಿದ ‘ವಾಯೇಜರ್’ ವಿಮಾನದ ಇಬ್ಬರು ಚಾಲಕರು ಇಂತಹ ಹೆಡ್‌ಫೋನುಗಳ ಮಾದರಿಗಳನ್ನು ಧರಿಸಿದ್ದರು. 1989ರಲ್ಲಿ ವಿಮಾನಚಾಲಕರಿಗೂ 2000ದಲ್ಲಿ ಜನಸಾಮಾನ್ಯರಿಗೂ ಬೋಸ್ ಕಂಪನಿಯ ಹೆಡ್‌ಫೋನುಗಳು ಮಾರಾಟಕ್ಕೆ ಬಂದವು. 2019ರ ವೇಳೆಗೆ ಸೋನಿ, ಆಪಲ್ ಮೊದಲಾದವರು ಅದೇ ವಿದ್ಯೆಯನ್ನು ಕಿವಿಯೊಳಗೆ ಕೂರುವ ಗುಂಡಿಗಳಲ್ಲಿ ಅಡಗಿಸಿದ್ದರು.

ಮೌನದ ವೇಳಾಪಟ್ಟಿ

ಈಗ ಒಂದು ಪ್ರಶ್ನೆ. ಸದ್ದನ್ನು ಸದ್ದಿನಿಂದ ಅಳಿಸಬಹುದಾದರೆ ಎಲ್ಲ ಸದ್ದನ್ನೂ ಏಕೆ ಅಳಿಸುವುದಿಲ್ಲ? ಇದರ ಉತ್ತರದಲ್ಲಿಯೇ ಖರೀದಿಯ ಗುಟ್ಟೆಲ್ಲ ಇರುವುದರಿಂದ ಸ್ವಲ್ಪ ಸಾವಧಾನವಾಗಿ ನೋಡೋಣ.

ಪ್ರತಿ-ಅಲೆಯು ಒಂದಿಷ್ಟು ತಡವಾಗಿ ಬಂದಿತೆನ್ನೋಣ. ಆಗ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ಶೇಷ ಉಳಿಯುವುದು. ಎರಡು ಅಲೆಗಳನ್ನು ಸಮನಾದ ಎರಡು ಬಾಣಗಳಿಂದ ಸೂಚಿಸಿದರೆ, ಅವುಗಳ ನಡುವಣ ಕೋನವೇ ತಪ್ಪಿನ ಅಳತೆ, ಬಾಣಗಳ ತುದಿಗಳನ್ನು ಕೂಡಿಸುವ ಗೆರೆಯೇ ಉಳಿದ ಸದ್ದು. ಕೋನವು 60 ಡಿಗ್ರಿಯಾದರೆ ಏನಾಗುವುದು? ಸಮಬಾಹು ತ್ರಿಕೋನ! ಮೂರನೆಯ ಭುಜವೂ ಅಷ್ಟೇ ಉದ್ದ. ಅಂದರೆ ಇಷ್ಟೆಲ್ಲ ಶ್ರಮಪಟ್ಟರೂ ಸದ್ದು ಮೊದಲಿದ್ದಷ್ಟೇ ಇರುವುದು. 60ನ್ನು ದಾಟಿದರೆ ಸದ್ದು ಹೆಚ್ಚುವುದು, ಮದ್ದೇ ರೋಗವಾಗುವುದು. 10 ಡೆಸಿಬೆಲ್‌ನಷ್ಟಾದರೂ ಇಳಿಯಬೇಕಾದರೆ ತಪ್ಪು ಸುಮಾರು 18 ಡಿಗ್ರಿಯೊಳಗೆ, ಎಂದರೆ ಒಂದು ಕಂಪನಾವಧಿಯ ಇಪ್ಪತ್ತನೆಯ ಒಂದು ಪಾಲಿನೊಳಗೆ ಇರಬೇಕು. 20 ಡೆಸಿಬೆಲ್ ಇಳಿಯಬೇಕಾದರೆ 6 ಡಿಗ್ರಿಯೂ ತಪ್ಪುವಂತಿಲ್ಲ.

ಇದನ್ನು ಕಾಲಕ್ಕೆ ಪರಿವರ್ತಿಸಿ ನೋಡಿ. 100 ಹರ್ಟ್ಸ್ ಸದ್ದಿನ ಒಂದು ಕಂಪನಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲು ಹಿಡಿಯುವುದು. ಅದರ ಇಪ್ಪತ್ತನೆಯ ಪಾಲು ಎಂದರೆ ಅರ್ಧ ಮಿಲಿಸೆಕೆಂಡು. ಆ ಅವಧಿಯಲ್ಲಿ ಸದ್ದು 17 ಸೆಂಟಿಮೀಟರ್ ಚಲಿಸುವುದು. ಯಂತ್ರಕ್ಕೆ ಬೇಕಾದಷ್ಟು ಬಿಡುವು. 1,000 ಹರ್ಟ್ಸ್‌ನಲ್ಲಿ ಆ ದೂರ 17 ಮಿಲಿಮೀಟರ್‌ಗೆ ಇಳಿಯುವುದು; ಇದು ಸರಿಸುಮಾರು ಇಯರ್‌ಬಡ್‌ನ ಗಾತ್ರವೇ ಆಯಿತು. 4,000 ಹರ್ಟ್ಸ್‌ನಲ್ಲಿ ನಾಲ್ಕು ಮಿಲಿಮೀಟರ್! ಅಷ್ಟರೊಳಗೆ ಸದ್ದನ್ನು ಹಿಡಿಯಬೇಕು, ಗಣಿಸಬೇಕು, ಪುಟ್ಟ ಪರದೆಯನ್ನು ಚಲಿಸಬೇಕು. ಮೇಲಾಗಿ ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಮಂದ್ರ ಸದ್ದಿಗೆ ಅಷ್ಟು ಸಣ್ಣ ಗುಹೆಯಲ್ಲಿ ಎಲ್ಲೆಡೆಯೂ ಒತ್ತಡ ಒಂದೇ; ತಾರ ಸದ್ದಿಗೆ ಹಾಗಲ್ಲ. ಮೈಕ್ರೊಫೋನು ಅಳೆದ ಜಾಗದ ಒತ್ತಡವೇ ಬೇರೆ, ತಮಟೆಯ ಬಳಿಯ ಒತ್ತಡವೇ ಬೇರೆ. ಆದಕಾರಣ ಸಕ್ರಿಯ ನಿವಾರಣೆಯು ಸುಮಾರು 1,000 ಹರ್ಟ್ಸ್‌ವರೆಗೆ ಚೆನ್ನಾಗಿ ನಡೆದು ಮೇಲೆ ಹೋದಂತೆ ಕೈಸೋಲುವುದು. ದೈವಾನುಕೂಲವೆಂಬಂತೆ ಅಲ್ಲಿಂದಾಚೆಗೆ ಟೋಪಿಯ ಗೋಡೆ ಬಲವಾಗುವುದು. ಒಂದು ಇನ್ನೊಂದಕ್ಕೆ ಪೂರಕ. ಎರಡರಲ್ಲಿ ಒಂದು ಕೆಟ್ಟರೂ ಫಲ ಅರ್ಧವೇ.

ಏಕರೀತಿಯಾಗಿ ಮೊರೆಯುವ ಸದ್ದನ್ನು ಮಾತ್ರ ಈ ವಿದ್ಯೆ ಅಡಗಿಸಬಲ್ಲುದು, ಮಾತನ್ನು ಅಡಗಿಸಲಾರದು ಎಂದು ಹಲವರು ಬರೆಯುವರು. ಇದು ಪೂರ್ತಿ ಸರಿಯಲ್ಲ. ಗಂಡಸಿನ ಧ್ವನಿಯ ಮಂದ್ರ ಭಾಗವೂ ಸಾಕಷ್ಟು ಅಡಗುವುದು. ಆದರೆ ‘ಸ’, ‘ಶ’, ‘ತ’ ಮುಂತಾದ ವ್ಯಂಜನಗಳು ಕೆಲವು ಸಾವಿರ ಹರ್ಟ್ಸ್‌ಗಳ ಆಸುಪಾಸಿನವು. ಮಾತಿನ ಅರ್ಥವನ್ನು ಹೊತ್ತು ತರುವುದೇ ಅವು. ಅವು ಟೋಪಿಯನ್ನು ದಾಟಿ ಒಂದಿಷ್ಟು ಒಳಬಂದರೂ ಸಾಕು, ಕೋಣೆಯ ಗೆಳೆಯನ ಮಾತು ತಿಳಿಯುವುದು. ಅದೂ ಫ್ಯಾನಿನ ಮೊರೆತ ಅಡಗಿದ ಮೇಲೆ ಮಾತು ಇನ್ನೂ ಸ್ಪಷ್ಟವೆನಿಸುವುದು! ಕುಕ್ಕರಿನ ಸೀಟಿಯೂ ಲಾರಿಯ ಹಾರನ್ನಿನ ಕಿರುಚುವ ಭಾಗವೂ ಇದೇ ವರ್ಗಕ್ಕೆ ಸೇರಿದವು.

ಇನ್ನೊಂದು ಪ್ರಶ್ನೆಯನ್ನು ಜಾಣ ವಿದ್ಯಾರ್ಥಿಗಳು ತಪ್ಪದೆ ಕೇಳುವರು. ಎರಡು ಅಲೆಗಳು ಅಳಿದರೆ ಅವುಗಳ ಶಕ್ತಿ ಎಲ್ಲಿಗೆ ಹೋಯಿತು? ಶಕ್ತಿಯು ನಾಶವಾಗದೆಂಬ ನಿಯಮವಿದೆಯಲ್ಲ? ನಿಯಮಕ್ಕೇನೂ ಚ್ಯುತಿಯಿಲ್ಲ. ಹೊರಗಿನ ಅಲೆಯು ಕಿವಿಯ ನಾಳಕ್ಕೆ ಒಂದಿಷ್ಟು ಗಾಳಿಯನ್ನು ನೂಕಲು ಬರುವ ಗಳಿಗೆಗೆ ಸರಿಯಾಗಿ ಇಯರ್‌ಬಡ್‌ನ ಪರದೆಯು ಹಿಂದೆ ಸರಿದು ಅದಕ್ಕೆ ಜಾಗ ಬಿಟ್ಟುಕೊಡುವುದು. ಜಾಗವಿರುವುದರಿಂದ ಒತ್ತಡ ಏರುವುದಿಲ್ಲ, ತಮಟೆ ಅಲುಗುವುದಿಲ್ಲ, ಅದಕ್ಕೆ ಶಕ್ತಿಯೇ ಸಲ್ಲುವುದಿಲ್ಲ. ಅಲೆಯ ಬಹುಭಾಗ ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಅಲ್ಪಭಾಗವು ಪರದೆಯಲ್ಲಿ ಸೇರಿಹೋಗುವುದು. ಶತ್ರುವಿನೊಡನೆ ಎದುರುಬದುರು ಯುದ್ಧವೆಂದು ನಾವು ಕಲ್ಪಿಸಿಕೊಳ್ಳುವೆವು. ವಾಸ್ತವವಾಗಿ ಇದು ಬಂದವನಿಗೆ ಉಪಾಯವಾಗಿ ದಾರಿ ಬಿಟ್ಟು ಸಾಗಹಾಕುವ ಕೆಲಸ. ಇಡೀ ಕೋಣೆಯನ್ನು ಹೀಗೆ ಮೌನಗೊಳಿಸಲಾಗದುದಕ್ಕೂ ಇದೇ ಕಾರಣ. ದೊಡ್ಡ ಜಾಗದಲ್ಲಿ ಒಂದು ಮೂಲೆಯಲ್ಲಿ ಅಲೆಗಳು ಅಳಿದರೆ ಇನ್ನೊಂದು ಮೂಲೆಯಲ್ಲಿ ಕೂಡಿಕೊಂಡು ಗಟ್ಟಿಯಾಗುವುವು.

ಅಂಗಡಿಯಲ್ಲಿ

ಈ ತಿಳುವಳಿಕೆಯನ್ನು ಹಿಡಿದು ಈಗ ಪೆಟ್ಟಿಗೆಯ ಮೇಲಿನ ಬಿರುದುಗಳನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ‘ಇ.ಎನ್.ಸಿ.’ ಎಂಬ ಮೂರಕ್ಷರ. ನೀವು ದೂರವಾಣಿಯಲ್ಲಿ ಮಾತನಾಡುವಾಗ ನಿಮ್ಮ ಸುತ್ತಣ ಗದ್ದಲವು ಆ ಕಡೆಯವರಿಗೆ ಕೇಳಿಸದಂತೆ ಮಾಡುವ ಏರ್ಪಾಡು ಅದು. ಅದರಿಂದ ಉಪಕಾರ ನಿಮ್ಮ ಅತ್ತಿಗೆಗೋ ಅಣ್ಣನಿಗೋ. ನಿಮ್ಮ ಕಿವಿಗೆ ಕಿಂಚಿತ್ತೂ ಇಲ್ಲ. ನಿಮ್ಮ ಕಿವಿಗೆ ಬೇಕಾದದ್ದು ‘ಎ.ಎನ್.ಸಿ.’, ಎಂದರೆ ಸಕ್ರಿಯ ಗದ್ದಲ ನಿವಾರಣೆ. ಒಂದೇ ಅಕ್ಷರದ ವ್ಯತ್ಯಾಸ. ಇದನ್ನು ತಿಳಿಯದೆ ಹಣ ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

‘45 ಡೆಸಿಬೆಲ್‌ವರೆಗೆ’ ಎಂಬಲ್ಲಿ ‘ವರೆಗೆ’ ಎಂಬ ಪದವನ್ನು ಗಮನಿಸಿ. ಯಾವುದೋ ಒಂದು ಅನುಕೂಲವಾದ ಆವೃತ್ತಿಯಲ್ಲಿ ದೊರೆತ ಅತಿ ಹೆಚ್ಚಿನ ಇಳಿಕೆ ಅದು. ಎಲ್ಲ ಸದ್ದಿಗೂ ಅನ್ವಯಿಸುವ ಸರಾಸರಿಯಲ್ಲ. ಪರ್ವತಶ್ರೇಣಿಯ ಅತ್ಯುನ್ನತ ಶಿಖರವನ್ನು ಹೇಳಿ ಇಡೀ ನಾಡೇ ಅಷ್ಟು ಎತ್ತರವೆಂದಂತೆ. ಇನ್ನೂ ಒಂದು ಸಂಗತಿಯುಂಟು. ಕಿವಿಯನ್ನು ಪರಿಪೂರ್ಣವಾಗಿ ಮುಚ್ಚಿದರೂ ಸದ್ದು ತಲೆಬುರುಡೆಯ ಮೂಳೆಗಳ ಮೂಲಕ ಒಳಗಿವಿಯನ್ನು ಸೇರುವುದು. ಸುಮಾರು 40ರಿಂದ 50 ಡೆಸಿಬೆಲ್ ತಡೆಯ ಆಚೆಗೆ ಯಾವ ಟೋಪಿಯೂ ನಮ್ಮನ್ನು ಕೊಂಡೊಯ್ಯಲಾರದು. 50, 55 ಎಂದು ಬರೆದಿರುವುದನ್ನು ಕಂಡರೆ ನಕ್ಕು ಮುಂದೆ ಹೋಗಬಹುದು. ಡ್ರೈವರಿನ ಮಿಲಿಮೀಟರುಗಳಿಗೂ ಬ್ಲೂಟೂತಿನ ಆವೃತ್ತಿಸಂಖ್ಯೆಗೂ ಗದ್ದಲ ನಿವಾರಣೆಗೂ ಸಂಬಂಧವಿಲ್ಲ. ಬ್ಲೂಟೂತ್ ಎಂಬುದು ಫೋನಿನಿಂದ ಸಂಗೀತವನ್ನು ತರುವ ರೇಡಿಯೋ ದಾರಿ ಮಾತ್ರ. ಗದ್ದಲದ ಲೆಕ್ಕವೆಲ್ಲ ಇಯರ್‌ಬಡ್‌ನೊಳಗೇ ನಡೆಯುವುದು. ಫೋನನ್ನು ಆರಿಸಿ ಜೇಬಿನಲ್ಲಿಟ್ಟರೂ ಅದು ನಡೆಯುತ್ತಿರಬೇಕು.

ಟೋಪಿಯಿಲ್ಲದೆ ಕಿವಿಯ ಬಾಯಲ್ಲಿ ಸುಮ್ಮನೆ ತೂಗಿಕೊಂಡಿರುವ ಮಾದರಿಗಳಲ್ಲಿಯೂ ಎ.ಎನ್.ಸಿ. ಇದೆಯೆಂದು ಹೇಳುವರು. ಅವು ಹಾಯಾಗಿರುತ್ತವೆ, ನಿಜ. ಗೋಡೆಯನ್ನೇ ಕೆಡವಿ ಕಾವಲುಗಾರನೊಬ್ಬನನ್ನು ನಿಲ್ಲಿಸಿದಂತೆ ಎಂದು ನನ್ನ ಅಭಿಪ್ರಾಯ. ಗದ್ದಲ ತಡೆಯುವುದೇ ಉದ್ದೇಶವಾದವರು ಅವುಗಳನ್ನು ಬಿಟ್ಟುಬಿಡುವುದು ಮೇಲು.

ಸಾಧ್ಯವಾದರೆ ಕಿವಿಗೆ ಹಾಕಿ ನೋಡಿಯೇ ಕೊಳ್ಳಿ. ಮೊದಲು ಎ.ಎನ್.ಸಿ.ಯನ್ನು ಆರಿಸಿ, ತುಟಿ ಮುಚ್ಚಿ ‘ಮ್‌ಮ್’ ಎಂದು ನಾದ ಮಾಡಿ. ಟೋಪಿ ಸರಿಯಾಗಿ ಕೂತಿದ್ದರೆ ನಿಮ್ಮ ಧ್ವನಿ ಕೊಡದೊಳಗೆ ಮಾತನಾಡಿದಂತೆ ತಲೆಯೊಳಗೆಯೇ ಮೊಳಗುವುದು. ಮೂಳೆಯಿಂದ ಬಂದ ಮಂದ್ರ ಸದ್ದು ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುವುದೇ ಇದಕ್ಕೆ ಕಾರಣ. ಒಂದು ಕಿವಿಯಲ್ಲಿ ಮಾತ್ರ ಮೊಳಗಿದರೆ ಇನ್ನೊಂದಕ್ಕೆ ಬೇರೆ ಅಳತೆಯ ಟೋಪಿ ಹಾಕಿ. ಎಡಗಿವಿಗೂ ಬಲಗಿವಿಗೂ ಅಳತೆ ಬೇರೆಯಿರುವುದು ಅಪರೂಪವೇನಲ್ಲ. ಆಮೇಲೆ ದವಡೆಯನ್ನು ಆಡಿಸಿ, ಆಕಳಿಸಿ ನೋಡಿ. ದವಡೆ ಚಲಿಸಿದಾಗ ನಾಳದ ಆಕಾರವೂ ಬದಲಾಗುವುದರಿಂದ ಸಡಿಲವಾದದ್ದು ಕಳಚಿಬರುವುದು. ಈಗ ಫ್ಯಾನಿನ ಅಥವಾ ಹವಾನಿಯಂತ್ರಕದ ಕೆಳಗೆ ನಿಂತು ಎ.ಎನ್.ಸಿ.ಯನ್ನು ಹಾಕಿ. ಮೊರೆತವು ಕೈಯಿಂದ ತೆಗೆದಿಟ್ಟಂತೆ ಇಳಿಯಬೇಕು. ಜಡಿಮಳೆ ದೂರದಲ್ಲಿ ಸುರಿದಂತೆ ‘ಹುಶ್’ ಎಂಬ ಸಣ್ಣ ಸದ್ದು ಉಳಿಯಬಹುದು. ಅದು ಮೈಕ್ರೊಫೋನುಗಳದೇ ಸ್ವಂತ ಗದ್ದಲ, ಕಡಿಮೆಯಿದ್ದಷ್ಟೂ ಒಳ್ಳೆಯದು. ಆಗುಂಬೆಯ ಘಾಟಿಯನ್ನು ಏರುವಾಗ ಕಿವಿ ಕಟ್ಟುವಂತಹ ಅನುಭವ ಕೆಲವರಿಗೆ ಆಗುವುದುಂಟು. ನಿಜವಾಗಿ ಒತ್ತಡವೇನೂ ಬದಲಾಗಿರುವುದಿಲ್ಲ. ಮಂದ್ರ ಸದ್ದು ಇದ್ದಕ್ಕಿದ್ದಂತೆ ಮಾಯವಾದುದಕ್ಕೆ ಮಿದುಳು ಕೊಡುವ ಅರ್ಥ ಅದು. ಹಿತವಾಗದಿದ್ದರೆ ನಿವಾರಣೆಯ ಮಟ್ಟವನ್ನು ತಗ್ಗಿಸುವ ಅನುಕೂಲ ಅದರಲ್ಲಿದೆಯೇ ಎಂದು ವಿಚಾರಿಸಿ. ಬೀಸುಗಾಳಿಗೆ ಒಡ್ಡಿಯೂ ನೋಡಿ: ಹೊರ ಮೈಕ್ರೊಫೋನಿನ ಬಾಯಲ್ಲಿ ಏಳುವ ಸುಳಿಗಳನ್ನು ಯಂತ್ರವು ಸದ್ದೆಂದು ಭ್ರಮಿಸಿ ಒಳಗೆ ಗೊರಗೊರ ಎನಿಸುವುದು. ಬಸ್ಸಿನ ಕಿಟಕಿಯ ಪಕ್ಕದ ಸೀಟು ಪ್ರಿಯವಾದವರಿಗೆ ಇದು ಮುಖ್ಯ.

ಇಷ್ಟೆಲ್ಲ ಮಾಡುವುದು ಸುಖಕ್ಕಾಗಿ ಮಾತ್ರವೇ ಎಂದರೆ, ಅಲ್ಲ. ಬಸ್ಸಿನೊಳಗೆ 80 ಡೆಸಿಬೆಲ್ ಗದ್ದಲವಿದ್ದರೆ ಸಾಮಾನ್ಯ ಇಯರ್‌ಫೋನಿನಲ್ಲಿ ಪಾಠ ಕೇಳುವವನು ಅದನ್ನು ಮೀರಿಸಲು ಧ್ವನಿಯನ್ನು 86ಕ್ಕೋ 89ಕ್ಕೋ ಏರಿಸುವನು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2018ರಲ್ಲಿ ಸಿದ್ಧಪಡಿಸಿದ ಮಾನದಂಡದಂತೆ ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದಾದ ಮಟ್ಟ 80 ಡೆಸಿಬೆಲ್; ಮಕ್ಕಳಿಗೆ 75. ಮಟ್ಟ 3 ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿಯಾಗುವುದರಿಂದ ಕಾಲವು ಅರ್ಧವಾಗಬೇಕು. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5 ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಬಸ್ಸಿನಲ್ಲಿ ಕೇಳುವವನು ಬುಧವಾರ ಸಂಜೆಯ ಒಳಗೇ ವಾರದ ಪಾಲನ್ನು ಮುಗಿಸಿರುವನು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಗದ್ದಲವೇ 20 ಡೆಸಿಬೆಲ್ ಇಳಿದು 60ಕ್ಕೆ ಬಂದಿತಾದರೆ 65, 70ರಲ್ಲಿಯೇ ಪಾಠ ಸ್ಪಷ್ಟವಾಗಿ ಕೇಳುವುದು. ಎ.ಎನ್.ಸಿ. ಹಾಕಿದ ಮೇಲೂ ಧ್ವನಿಯನ್ನು ಮೊದಲಿನಷ್ಟೇ ಇಟ್ಟುಕೊಳ್ಳುವವರಿಗೆ ಈ ಲಾಭವಿಲ್ಲ.

ರಸ್ತೆ ದಾಟುವಾಗ, ಸೈಕಲ್ಲು ಸ್ಕೂಟರುಗಳನ್ನು ನಡೆಸುವಾಗ, ರೈಲುಹಳಿಯ ಬಳಿ ಇವುಗಳನ್ನು ತೆಗೆದು ಜೇಬಿನಲ್ಲಿಡಬೇಕು. ಹೊರಗಿನ ಸದ್ದನ್ನು ಒಳಬಿಡುವ ‘ಟ್ರಾನ್ಸ್‌ಪರೆನ್ಸಿ’ ಎಂಬ ಏರ್ಪಾಡು ಹಲವದರಲ್ಲಿದೆ. ಕಂಡಕ್ಟರಿನೊಡನೆ ಮಾತನಾಡಲು ಅದು ಸಾಕು, ಲಾರಿಯನ್ನು ತಪ್ಪಿಸಿಕೊಳ್ಳಲು ಅದನ್ನು ನಂಬಬಾರದು.

ಸಂಗೀತವೂ ಬೇಡ, ಪಾಠವೂ ಬೇಡ, ಓದಲು ಬರಿಯ ಮೌನ ಬೇಕು ಎನ್ನುವವರಿಗೆ ನಾನು ಇಯರ್‌ಬಡ್ಡನ್ನು ಹೇಳುವುದೇ ಇಲ್ಲ. ಕಾರ್ಖಾನೆಯ ಕೆಲಸಗಾರರು ಬಳಸುವ ಫೋಮ್ ಬಿರಡೆಗಳು ಕೆಲವು ಹತ್ತು ರೂಪಾಯಿಗಳಿಗೆ ಸಿಕ್ಕುವುವು. ಪೊಟ್ಟಣದ ಮೇಲೆ ಸುಮಾರು 30 ಡೆಸಿಬೆಲ್ ಎಂದಿರುತ್ತದೆ. ಬೆರಳುಗಳ ನಡುವೆ ಹೊಸೆದು ಸಣ್ಣ ಬತ್ತಿಯಂತೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಹಿಡಿದಿದ್ದರೆ ಅದು ಉಬ್ಬಿ ನಾಳವನ್ನು ತುಂಬಿಕೊಳ್ಳುವುದು. ಹಾಸ್ಟೆಲಿನ ಮಾತುಕತೆಗೆ ಇದಕ್ಕೆ ಸಮನಾದ ಅಗ್ಗದ ಔಷಧಿ ಇನ್ನೊಂದಿಲ್ಲ. ಇಂತಹದೇ ಫೋಮ್ ಟೋಪಿಗಳು ಹಲವು ಇಯರ್‌ಬಡ್‌ಗಳಿಗೆ ಪ್ರತ್ಯೇಕವಾಗಿ ದೊರೆಯುತ್ತವೆ. ಬೆವರು, ಜಿಡ್ಡಿನಿಂದ ಕೆಲವು ತಿಂಗಳುಗಳಲ್ಲಿ ಗಡುಸಾಗುವುದರಿಂದ ಅವುಗಳನ್ನು ಬದಲಾಯಿಸುತ್ತಿರಬೇಕು.

ಕೊನೆಗೆ ಶುಚಿಯ ಮಾತು. ಇಯರ್‌ಬಡ್‌ನ ತುದಿಯಲ್ಲಿರುವ ಸಣ್ಣ ಬಲೆಗೆ ಕಿವಿಯ ಗುಗ್ಗೆ ಮೆತ್ತಿಕೊಂಡರೆ ಸಂಗೀತ ಕುಂದುವುದು ಮಾತ್ರವಲ್ಲ, ಒಳ ಮೈಕ್ರೊಫೋನು ತಪ್ಪು ಅಳೆದು ನಿವಾರಣೆಯೂ ಕೆಡುವುದು. ಒಣ ಮೃದು ಕುಂಚದಿಂದ ವಾರಕ್ಕೊಮ್ಮೆ ತೊಡೆದರೆ ಸಾಕು, ಸೂಜಿಯಿಂದ ಚುಚ್ಚಬಾರದು. ಕಿವಿ ಸೋರುತ್ತಿರುವವರೂ ನೋವಿರುವವರೂ ವೈದ್ಯರಿಗೆ ತೋರಿಸಿ ವಾಸಿಯಾಗುವವರೆಗೆ ಯಾವ ಟೋಪಿಯನ್ನೂ ಒಳಗೆ ಹಾಕಬಾರದು. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದಂತೂ ಬೇಡವೇ ಬೇಡ.